ಹೊರಗೊಯ್ಯಬಾರದೆಂಬ ಕಾನೂನಿದ್ದರೂ, ಹೋದ ವಸ್ತು ಮರಳಿ ಬರುವುದು ಇಷ್ಟು ಕಷ್ಟವೇಕೆ?

ಹಳೆಯ ಕಡತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ವಿಗ್ರಹ, ಹಸ್ತಪ್ರತಿ, ನಾಣ್ಯ, ವರ್ಣಚಿತ್ರ, ಮರದ ಕೆತ್ತನೆ ಮುಂತಾದ ಚರ ಸಾಂಸ್ಕೃತಿಕ ಸ್ವತ್ತುಗಳ ರಫ್ತನ್ನು ನಿಯಂತ್ರಿಸುವ ಕಾನೂನುಗಳ ಕುರಿತು ಈಚೆಗೆ ಓದುತ್ತಿದ್ದೇನೆ. ನಾನು ಕಾನೂನು ಓದಿದವನಲ್ಲ, ಇತಿಹಾಸದ ವಿದ್ಯಾರ್ಥಿ. ಓದಿದಷ್ಟೂ ಗೊಂದಲ ಹೆಚ್ಚುತ್ತಿರುವುದರಿಂದ ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಇಂಥ ಕಾನೂನು ಇಲ್ಲದ ದೇಶವೇ ವಿರಳ. ಭಾರತದಲ್ಲಿ 1947ರಷ್ಟು ಹಿಂದೆಯೇ ಪ್ರಾಚ್ಯವಸ್ತುಗಳ ರಫ್ತು ನಿಯಂತ್ರಣಕ್ಕೆ ಒಂದು ಕಾಯ್ದೆ ಬಂದಿತ್ತು. ಅದರ ಸ್ಥಾನದಲ್ಲಿ ಬಂದ 1972ರ ಕಾಯ್ದೆಯ ಪ್ರಕಾರ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನೂ 75 ವರ್ಷಕ್ಕೆ ಕಡಿಮೆಯಿಲ್ಲದ, ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗಳನ್ನೂ ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರೆ ಯಾರೂ ಹೊರದೇಶಕ್ಕೆ ಕಳುಹಿಸುವಂತಿಲ್ಲ. ತಪ್ಪಿ ನಡೆದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಇಟಲಿ, ಈಜಿಪ್ಟ್, ಮೆಕ್ಸಿಕೊ ದೇಶಗಳ ಕಾನೂನುಗಳೂ ಬಿಗಿಯಾಗಿಯೇ ಇವೆ. ಇವೆಲ್ಲದರ ಮೇಲೆ, ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯನ್ನು ತಡೆಯಲು ದೇಶಗಳು ಮಾಡಿಕೊಂಡ 1970ರ ಯುನೆಸ್ಕೊ ಒಡಂಬಡಿಕೆ ಬೇರೆ ಇದೆ.

ಇಷ್ಟಿದ್ದರೂ, ವಸ್ತುವೊಂದು ತನ್ನ ದೇಶದ ಕಾನೂನನ್ನು ಮೀರಿ ಹೊರಹೋಗಿದೆ ಎಂಬ ವಿಷಯದಲ್ಲಿ ಯಾರಿಗೂ ಅನುಮಾನವಿಲ್ಲದ ಸಂದರ್ಭದಲ್ಲಿಯೂ, ಅದು ಈಗ ಇರುವ ದೇಶದ ನ್ಯಾಯಾಲಯಗಳು 'ಹಾಗಾದರೆ ಹಿಂದಿರುಗಿಸಿ' ಎಂದು ನೇರವಾಗಿ ಹೇಳುವುದಿಲ್ಲ. ದಶಕಗಟ್ಟಲೆ ವ್ಯಾಜ್ಯ ನಡೆಯುತ್ತದೆ, ಕೆಲವೊಮ್ಮೆ ಮೂಲ ದೇಶವೇ ಹಣ ತೆತ್ತು ಕೊಂಡುಕೊಳ್ಳಬೇಕಾಗುತ್ತದೆ. ಅಕ್ರಮವಾಗಿ ಹೊರಹೋದದ್ದು ಕಳವಿನ ಮಾಲಿಗೆ ಸಮವಲ್ಲವೇ? ಅಲ್ಲವಾದರೆ ಏಕಲ್ಲ? ಇದು ನನ್ನ ಮುಖ್ಯ ಪ್ರಶ್ನೆ. ಜೊತೆಗೆ ಇನ್ನೊಂದು. ನನ್ನ ಸ್ವಂತದ ವಸ್ತುವನ್ನು ನಾನು ಹೊರಗೆ ಕಳುಹಿಸುವಂತಿಲ್ಲ ಎಂದಾದರೆ, ನಾನು ಅದರ ಒಡೆಯ ಎಂಬ ಮಾತಿಗೆ ಎಷ್ಟು ಬೆಲೆ?

ವಕಾಲತ್ತು

ಎರಡು ಬೇರೆ ಬಗೆಯ ಕಾನೂನುಗಳನ್ನು ನೀವು ಒಂದಾಗಿ ಓದುತ್ತಿದ್ದೀರಿ. ಗೊಂದಲ ಹುಟ್ಟಿರುವುದು ಅಲ್ಲಿಂದ.

ಮೊದಲನೆಯದು ರಫ್ತು ನಿಯಂತ್ರಣದ ಕಾನೂನು. ಅದು ವಸ್ತುವಿನ ಒಡೆಯನಿಗೆ, 'ಇದು ನಿಮ್ಮದೇ. ಇಟ್ಟುಕೊಳ್ಳಿ, ಮಾರಿ, ಮಕ್ಕಳಿಗೆ ಬಿಟ್ಟುಹೋಗಿ. ಅಪ್ಪಣೆಯಿಲ್ಲದೆ ಗಡಿ ಮಾತ್ರ ದಾಟಿಸಬೇಡಿ' ಎಂದು ಹೇಳುತ್ತದೆ. ಎರಡನೆಯದು ಒಡೆತನದ ಕಾನೂನು. ಅದು, 'ಈ ನೆಲದಡಿಯಲ್ಲಿ ಇಂಥ ದಿನದ ನಂತರ ಸಿಕ್ಕದ್ದು ಯಾರ ಕೈಗೆ ಸಿಕ್ಕಿದರೂ ಸರ್ಕಾರದ ಸ್ವತ್ತು' ಎಂದು ಹೇಳುತ್ತದೆ. ದೇಶದೊಳಗೆ ಇದ್ದಷ್ಟು ಕಾಲ ಇವೆರಡರ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ವಸ್ತು ಗಡಿ ದಾಟಿದ ಕ್ಷಣದಿಂದ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ. ಏಕೆಂದರೆ, ಒಂದು ದೇಶದ ದಂಡನೆಯ ಕಾನೂನು, ತೆರಿಗೆಯ ಕಾನೂನು ಮತ್ತು ಆಡಳಿತಾತ್ಮಕ ನಿಷೇಧಗಳನ್ನು ಇನ್ನೊಂದು ದೇಶದ ನ್ಯಾಯಾಲಯ ತಾನು ಜಾರಿ ಮಾಡಿಕೊಡುವುದಿಲ್ಲ ಎಂಬುದು ಬಹಳ ಹಳೆಯ ತತ್ವ. ರಫ್ತು ನಿಷೇಧವನ್ನು ಈ ಗುಂಪಿಗೆ ಸೇರಿಸಲಾಗುತ್ತದೆ. ಆದರೆ ಸ್ವತ್ತಿನ ಹಕ್ಕನ್ನು ಎಲ್ಲ ದೇಶಗಳ ನ್ಯಾಯಾಲಯಗಳೂ ವಿಚಾರಿಸುತ್ತವೆ. 'ನಮ್ಮ ನಿಷೇಧ ಮೀರಿ ತಂದಿದ್ದಾರೆ' ಎಂದು ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. 'ಇದು ನಮ್ಮದು, ಕದ್ದು ತಂದಿದ್ದಾರೆ' ಎಂದು ಹೋದವರಿಗೆ ಕನಿಷ್ಠ ವಿಚಾರಣೆಯಾದರೂ ಸಿಗುತ್ತದೆ.

ಇದಕ್ಕೆ ನ್ಯೂಜಿಲೆಂಡಿನ ಮೊಟುನುಯಿ ಫಲಕಗಳ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ತಾರಾನಾಕಿ ಪ್ರದೇಶದ ಜೌಗಿನಲ್ಲಿ, ಯುದ್ಧಕಾಲದಲ್ಲಿ ಮುಚ್ಚಿಟ್ಟಿದ್ದ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಐದು ಮರದ ಕೆತ್ತನೆಯ ಫಲಕಗಳು 1972ರಲ್ಲಿ ಸಿಕ್ಕವು. ಮರುವರ್ಷ ಒಬ್ಬ ವ್ಯಾಪಾರಿಯ ಮೂಲಕ, ಯಾವ ಅನುಮತಿಯೂ ಇಲ್ಲದೆ, ಅವು ದೇಶದಿಂದ ಹೊರಬಿದ್ದು ಜಾರ್ಜ್ ಓರ್ಟಿಜ್ ಎಂಬ ಸಂಗ್ರಾಹಕರ ಕೈ ಸೇರಿದವು. 1978ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ನ್ಯೂಜಿಲೆಂಡ್ ಸರ್ಕಾರ ತಡೆಯಾಜ್ಞೆ ಕೇಳಿತು. ಆ ದೇಶದ 1962ರ ಕಾಯ್ದೆಯಲ್ಲಿ, ಗೊತ್ತಿದ್ದೂ ನಿಯಮ ಮೀರಿ ರಫ್ತು ಮಾಡಿದ ಚಾರಿತ್ರಿಕ ವಸ್ತು 'ರಾಜಸತ್ತೆಗೆ (ಅಂದರೆ ಸರ್ಕಾರಕ್ಕೆ) ಮುಟ್ಟುಗೋಲಾಗತಕ್ಕದ್ದು' ಎಂಬ ಮಾತಿತ್ತು. ಸರ್ಕಾರದ ವಾದವೆಲ್ಲ ಈ ಮಾತಿನ ಮೇಲೆಯೇ ನಿಂತಿತ್ತು. ಗಡಿ ದಾಟಿದ ಕೂಡಲೇ ಒಡೆತನ ತಾನಾಗಿ ತನಗೆ ಬಂದಿದೆ, ಆದ್ದರಿಂದ ಈಗ ಕೇಳುತ್ತಿರುವುದು ತನ್ನದೇ ಸ್ವತ್ತನ್ನು ಎಂದು ಅದು ಹೇಳಿತು. 1983ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇದನ್ನು ಒಪ್ಪಲಿಲ್ಲ. ಸುಂಕದ ಅಧಿಕಾರಿಗಳು ವಸ್ತುವನ್ನು ಜಪ್ತಿ ಮಾಡಿದಾಗ ಮಾತ್ರ ಮುಟ್ಟುಗೋಲು ಪೂರ್ಣವಾಗುತ್ತದೆ, ಜಪ್ತಿಯೇ ಆಗದೆ ವಸ್ತು ಹೊರಹೋಗಿರುವುದರಿಂದ ನ್ಯೂಜಿಲೆಂಡ್ ಎಂದೂ ಅದರ ಒಡೆಯನಾಗಲಿಲ್ಲ ಎಂದು ತೀರ್ಪಾಯಿತು. ಅಂದರೆ, ಯಾರು ಕಾನೂನಿಗೆ ಸಿಕ್ಕಿಬೀಳದೆ ಪೂರ್ತಿ ಯಶಸ್ವಿಯಾಗಿ ಸಾಗಿಸಿದರೋ ಅವರ ಮುಂದೆಯೇ ಕಾನೂನು ಕೈಚೆಲ್ಲಿತು. ಕೊನೆಗೆ 2014ರಲ್ಲಿ, ಓರ್ಟಿಜ್ ಅವರು ತೀರಿಕೊಂಡ ನಂತರ, ನ್ಯೂಜಿಲೆಂಡ್ 45 ಲಕ್ಷ ನ್ಯೂಜಿಲೆಂಡ್ ಡಾಲರ್ ಕೊಟ್ಟು ಫಲಕಗಳನ್ನು ಮರಳಿ ಪಡೆಯಿತು. ನೀವು ಹೇಳಿದ 'ಮೂಲ ದೇಶವೇ ಕೊಂಡುಕೊಳ್ಳಬೇಕಾದ' ಸ್ಥಿತಿ ಇದೇ. ಸೋತ ದೇಶ ಮಾತ್ರ ಪಾಠ ಕಲಿತಿತ್ತು. 1976ರ ಏಪ್ರಿಲ್ 1ರ ನಂತರ ಸಿಕ್ಕ ಮಾವೋರಿ ಪುರಾತನ ವಸ್ತುಗಳು ಮೇಲ್ನೋಟಕ್ಕೆ ರಾಜಸತ್ತೆಯ ಸ್ವತ್ತು ಎಂಬ ನಿಯಮ ಅಷ್ಟರಲ್ಲಿ ಅಲ್ಲಿ ಜಾರಿಗೆ ಬಂದಿತ್ತು. ಈ ಫಲಕಗಳು ಅದಕ್ಕಿಂತ ಮೊದಲು ಸಿಕ್ಕವಾದ್ದರಿಂದ ಅದರ ಪ್ರಯೋಜನ ಅವುಗಳಿಗೆ ದೊರೆಯಲಿಲ್ಲ.

ಇದರ ಪಕ್ಕದಲ್ಲಿ ಇರಾನ್ ಮತ್ತು ಪ್ರಾಚ್ಯವಸ್ತುಗಳ ವ್ಯಾಪಾರ ನಡೆಸುವ ಬರಾಕತ್ ಗ್ಯಾಲರಿಯ ನಡುವಿನ ವ್ಯಾಜ್ಯವನ್ನು ಇಟ್ಟು ನೋಡಿ. ಇರಾನಿನ ಜಿರೋಫ್ತ್ ಪ್ರದೇಶದಲ್ಲಿ ಕದ್ದು ಅಗೆದ ಕೆತ್ತನೆಯ ಕಲ್ಲಿನ ಪಾತ್ರೆಗಳು ಲಂಡನ್ನಿನಲ್ಲಿದ್ದವು. 2007ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಇರಾನಿನ 1979ರ ಕಾನೂನನ್ನು ಸಾಲುಸಾಲಾಗಿ ಓದಿ, ಅದು ಬರೀ ನಿಷೇಧವಲ್ಲ, ನೆಲದಡಿಯ ವಸ್ತುಗಳ ಒಡೆತನವನ್ನೇ ಸರ್ಕಾರಕ್ಕೆ ಕೊಡುತ್ತದೆ ಎಂದು ಕಂಡುಕೊಂಡು, ಇರಾನ್ ದಾವೆ ಹೂಡಬಹುದು ಎಂದಿತು. ಎರಡೂ ಪ್ರಕರಣಗಳು ನಡೆದದ್ದು ಇಂಗ್ಲೆಂಡಿನಲ್ಲೇ, ವಸ್ತುಗಳು ಹೊರಬಂದದ್ದೂ ಒಂದೇ ಬಗೆಯಲ್ಲಿ. ಫಲಿತಾಂಶ ಬೇರೆಯಾದದ್ದು ಮೂಲ ದೇಶದ ಶಾಸನ ಹೇಗೆ ಬರೆಯಲ್ಪಟ್ಟಿತ್ತು ಎಂಬುದರಿಂದ.

ಅಮೆರಿಕದ ನ್ಯಾಯಾಲಯಗಳೂ ಇದೇ ದಾರಿಯಲ್ಲಿವೆ. 1977ರ ಮ್ಯಾಕ್ಲೇನ್ ಪ್ರಕರಣದಲ್ಲಿ, ರಫ್ತು ನಿಷೇಧವನ್ನು ಮೀರಿದ ಮಾತ್ರಕ್ಕೆ ವಸ್ತು ಕಳವಿನದಾಗುವುದಿಲ್ಲ, ಮೂಲ ದೇಶ ಸ್ಪಷ್ಟವಾಗಿ ಒಡೆತನ ಸಾರಿದ್ದರೆ ಮಾತ್ರ ಹಾಗೆ ಎಣಿಸಬಹುದು ಎಂದಾಯಿತು. ಈಜಿಪ್ಟಿನ 1983ರ ಕಾನೂನು ಹಾಗೆ ಸಾರಿತ್ತು. ಅದರಿಂದಾಗಿಯೇ ನ್ಯೂಯಾರ್ಕಿನ ವ್ಯಾಪಾರಿ ಫ್ರೆಡರಿಕ್ ಶುಲ್ಟ್ಜ್ ಅವರಿಗೆ ಆದ ಶಿಕ್ಷೆಯನ್ನು 2003ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆ ಪ್ರಕರಣದ ಒಂದು ವಿವರವನ್ನು ಹೇಳದೆ ಮುಂದೆ ಹೋಗಲಾರೆ. ಫರೋ ಮೂರನೆಯ ಅಮೆನ್‌ಹೋಟೆಪ್‌ನ ಕಲ್ಲಿನ ತಲೆಗೆ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟು, ಪ್ರವಾಸಿಗರು ಕೊಳ್ಳುವ ಅಗ್ಗದ ಬೊಂಬೆಯಂತೆ ಕಾಣುವ ಹಾಗೆ ಬಣ್ಣ ಬಳಿದು, ಸುಂಕದ ಕಟ್ಟೆಯನ್ನು ದಾಟಿಸಿದ್ದರು. ಆಚೆ ತಲುಪಿದ ಮೇಲೆ ಲೇಪವನ್ನು ತೆಗೆದರು. ರಫ್ತು ನಿಯಂತ್ರಣವು ಗಡಿಯಲ್ಲಿ ನಿಂತ ಅಧಿಕಾರಿಯ ಕಣ್ಣನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆ.

ಭಾರತದ ಸ್ಥಿತಿ ನಾನು ಮೊದಲು ಹೇಳಿದ ಆ ಎರಡು ಬಗೆಯ ಕಾನೂನುಗಳ ನಡುವೆ ಇದೆ. 1972ರ ಕಾಯ್ದೆ ಮುಖ್ಯವಾಗಿ ಮೊದಲ ಬಗೆಯದು. ಖಾಸಗಿ ಒಡೆತನವನ್ನು ಅದು ಒಪ್ಪುತ್ತದೆ, ನಿಗದಿತ ಬಗೆಯ ವಸ್ತುಗಳನ್ನು ನೋಂದಾಯಿಸಬೇಕು ಎನ್ನುತ್ತದೆ, ವ್ಯಾಪಾರಕ್ಕೆ ಪರವಾನಗಿ ಕೇಳುತ್ತದೆ, ಅಗತ್ಯವಿದ್ದರೆ ಪರಿಹಾರ ಕೊಟ್ಟು ಕಡ್ಡಾಯವಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ನೆಲದಲ್ಲಿ ಸಿಕ್ಕ ನಿಧಿಯ ಮಾತು 1878ರ ನಿಧಿ ಕಾಯ್ದೆಗೆ ಸೇರಿದ್ದು. 10 ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವರು ಕಲೆಕ್ಟರರಿಗೆ ತಿಳಿಸಬೇಕೆಂಬ ಆ ಕಾಲದ ಮೊತ್ತ ಅದರಲ್ಲಿದೆ. ತಮಿಳುನಾಡಿನ ದೇವಾಲಯವೊಂದರ ಕಂಚಿನ ವಿಗ್ರಹವಾದ ಪತ್ತೂರು ನಟರಾಜನ ಕುರಿತು ಲಂಡನ್ನಿನಲ್ಲಿ ನಡೆದ ವ್ಯಾಜ್ಯದಲ್ಲಿ 1991ರಲ್ಲಿ ಜಯ ಸಿಕ್ಕದ್ದು ರಫ್ತು ನಿಷೇಧದ ಬಲದಿಂದಲ್ಲ. ಪಾಳುಬಿದ್ದಿದ್ದ ದೇವಾಲಯವೇ ಕಾನೂನಿನ ಕಣ್ಣಿನಲ್ಲಿ ಒಬ್ಬ ವ್ಯಕ್ತಿ, ವಿಗ್ರಹ ಅದರ ಸ್ವತ್ತು ಎಂಬ ವಾದವನ್ನು ಇಂಗ್ಲೆಂಡಿನ ನ್ಯಾಯಾಲಯ ಒಪ್ಪಿತು. ಗೆದ್ದದ್ದು ಒಡೆತನ.

ನಿಮ್ಮ ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಜಮೀನಿನ ಒಡೆಯನಿಗೂ ಅದರಲ್ಲಿ ಏನು ಕಟ್ಟಬಹುದು, ಎಷ್ಟು ಅಗೆಯಬಹುದು ಎಂಬ ಮಿತಿಗಳಿರುತ್ತವೆ. ಅದರಿಂದ ಒಡೆತನ ಸುಳ್ಳಾಗುವುದಿಲ್ಲ.

ದಾಖಲೆ ವಿಭಾಗ

ವಕಾಲತ್ತು ಅವರು ಕಾನೂನಿನ ಕಡೆಯಿಂದ ಹೇಳಿದ್ದು ಸರಿಯಾಗಿದೆ. ವಸ್ತುಸಂಗ್ರಹಾಲಯದ ದಾಖಲಾತಿಯಲ್ಲಿ ಕೆಲಸ ಮಾಡಿದವಳಾಗಿ ನಾನು ಇನ್ನೊಂದು ಕಡೆಯಿಂದ ಸೇರಿಸುತ್ತೇನೆ. ಒಡೆತನದ ಕಾನೂನು ಎಷ್ಟು ಗಟ್ಟಿಯಾಗಿದ್ದರೂ, 'ಈ ವಸ್ತು ಅದೇ ವಸ್ತು' ಎಂದು ತೋರಿಸಲಾಗದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

1970ರ ಯುನೆಸ್ಕೊ ಒಡಂಬಡಿಕೆಯ 7ನೇ ವಿಧಿಯನ್ನು ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಓದಿ. ಸದಸ್ಯ ರಾಷ್ಟ್ರಗಳು ಹಿಂದಿರುಗಿಸಬೇಕೆಂದು ಅದು ಹೇಳುವುದು, ವಸ್ತುಸಂಗ್ರಹಾಲಯ, ಧಾರ್ಮಿಕ ಅಥವಾ ಸಾರ್ವಜನಿಕ ಸ್ಮಾರಕ ಇಂಥ ಕಡೆಗಳಿಂದ ಕಳುವಾದ ಮತ್ತು ಆ ಸಂಸ್ಥೆಯ ದಾಖಲೆಪಟ್ಟಿಯಲ್ಲಿ ಇತ್ತೆಂದು ತೋರಿಸಬಹುದಾದ ವಸ್ತುಗಳನ್ನು ಮಾತ್ರ. ಅದರಲ್ಲೂ, ತಿಳಿಯದೆ ಕೊಂಡವರಿಗೆ ನ್ಯಾಯವಾದ ಪರಿಹಾರವನ್ನು ಕೇಳುವ ದೇಶವೇ ಕೊಡಬೇಕು. ಹಾಗಾದರೆ ಪಟ್ಟಿಯಲ್ಲಿ ಹೆಸರಿಲ್ಲದ ವಿಗ್ರಹದ ಗತಿ ಏನು? ಇನ್ನೂ ನೆಲದಲ್ಲೇ ಇದ್ದು, ಕಳ್ಳರ ಗುದ್ದಲಿಗೆ ಮೊದಲ ಬಾರಿ ಸಿಕ್ಕ ವಸ್ತು ಯಾವ ಪಟ್ಟಿಯಲ್ಲಿ ಇರಲು ಸಾಧ್ಯ?

ಆಸ್ಟ್ರೇಲಿಯಾದಿಂದ 2014ರಲ್ಲಿ ಹಿಂದಿರುಗಿದ ಎರಡು ಶಿಲ್ಪಗಳು ಈ ಮಾತಿಗೆ ಸಾಕ್ಷಿ. ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದ ಕಂಚಿನ ನಟರಾಜನನ್ನು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯು 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡಿತ್ತು. ವೃದ್ಧಾಚಲದ ಅರ್ಧನಾರೀಶ್ವರನ ಕಲ್ಲಿನ ಶಿಲ್ಪ ಸಿಡ್ನಿಯ ಗ್ಯಾಲರಿಯಲ್ಲಿತ್ತು. ಅವು 1972ರ ಕಾಯ್ದೆಗೆ ಮುಂಚೆಯೇ ಭಾರತವನ್ನು ಬಿಟ್ಟಿದ್ದವು ಎಂದು ತೋರಿಸುವ ಕಾಗದಗಳನ್ನು ಮಾರಾಟಗಾರರು ಒದಗಿಸಿದ್ದರು. ಆ ಕಾಗದಗಳು ಸುಳ್ಳೆಂದು ತಿಳಿದದ್ದು ಯಾವ ಅಧಿಕಾರಿಯ ತಪಾಸಣೆಯಿಂದಲೂ ಅಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೊಮ್ಮೆ ದೇವಾಲಯಗಳನ್ನು ಸುತ್ತಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು ಸಿಕ್ಕಿದ್ದರಿಂದ. ಅವರು ಚಿತ್ರ ತೆಗೆದದ್ದು ಅಧ್ಯಯನಕ್ಕಾಗಿ. ಅವು ನ್ಯಾಯದ ಸಾಕ್ಷ್ಯವಾಗುವ ದಿನ ಬರುತ್ತದೆಂದು ಅವರು ಎಣಿಸಿರಲಾರರು. ಇಂಥ ಚಿತ್ರಗಳಿಲ್ಲದ ದೇವಾಲಯಗಳ ಸಂಖ್ಯೆಯನ್ನು ನೆನೆದರೆ ಸಂಕಟವಾಗುತ್ತದೆ.

ಒಳ್ಳೆಯ ದಾಖಲೆ ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ. 1997ರಿಂದ ಬಳಕೆಯಲ್ಲಿರುವ 'ಆಬ್ಜೆಕ್ಟ್ ಐಡಿ' ಎಂಬ ಅಂತರರಾಷ್ಟ್ರೀಯ ಮಾದರಿಯೊಂದಿದೆ. ವಸ್ತುವಿನ ಬಗೆ, ದ್ರವ್ಯ, ಅಳತೆ, ಬರಹ ಮತ್ತು ಗುರುತುಗಳು, ವಿಷಯ, ಕಾಲ, ತಯಾರಿಸಿದವರು ಎಲ್ಲವನ್ನೂ ಅದರಲ್ಲಿ ತುಂಬಬೇಕು. ಆದರೆ ಅದರಲ್ಲಿ ಅತಿ ಮುಖ್ಯವಾದ ಸಾಲು, ಹೊಸಬರು ಬಹಳ ಸಲ ಖಾಲಿ ಬಿಡುವ ಸಾಲು, 'ಬೇರೆ ವಸ್ತುಗಳಿಂದ ಪ್ರತ್ಯೇಕಿಸುವ ಲಕ್ಷಣಗಳು' ಎಂಬುದು. 'ಕಂಚಿನ ನಟರಾಜ, ಚೋಳರ ಕಾಲ, ಉತ್ತಮ ಸ್ಥಿತಿ' ಎಂದು ಬರೆದರೆ ಅದು ನೂರು ವಿಗ್ರಹಗಳಿಗೆ ಹೊಂದುತ್ತದೆ. ಪ್ರಭಾವಳಿಯಲ್ಲಿ ಬಲಗಡೆ ಮೂರನೆಯ ಜ್ವಾಲೆಯ ತುದಿ ಮುರಿದಿದೆ, ಎಡಗಾಲಿನ ಗೆಜ್ಜೆಯ ಮೇಲೆ ಎರಕದ ಒಂದು ಗುಳಿ ಇದೆ, ಪೀಠದ ಹಿಂಬದಿಯಲ್ಲಿ ತೇಪೆ ಹಾಕಿದ ಗುರುತಿದೆ ಎಂದು ಬರೆದು, ಹಿಂಬದಿಯ ಮತ್ತು ಅಡಿಭಾಗದ ಚಿತ್ರ ತೆಗೆದಿಟ್ಟರೆ ಅದು ಒಂದೇ ಒಂದು ವಿಗ್ರಹಕ್ಕೆ ಹೊಂದುತ್ತದೆ. ದೋಷಗಳನ್ನು ಬರೆದಿಡುವುದು ವಸ್ತುವಿಗೆ ಅವಮಾನವೆಂದು ತಿಳಿಯುವವರೂ ಇದ್ದಾರೆ. ಮರಳಿ ತರುವುದು ಆ ದೋಷಗಳೇ.

ಇನ್ನೊಂದು ವಿಷಯ. ಪರದೇಶದ ರಫ್ತು ನಿಷೇಧಕ್ಕೆ ಬೆಲೆ ಕೊಡದಿರುವುದು ಸಾಮಾನ್ಯ ನಿಯಮ ನಿಜ, ಆದರೆ ಒಂದು ದೇಶ ಬಯಸಿದರೆ ಅದನ್ನು ಶಾಸನದ ಮೂಲಕ ಬದಲಾಯಿಸಬಹುದು. ಆಸ್ಟ್ರೇಲಿಯಾದ 1986ರ ಕಾಯ್ದೆಯ 14ನೇ ಕಲಮು ಅದನ್ನೇ ಮಾಡುತ್ತದೆ. ಬೇರೆ ದೇಶದ ಸಾಂಸ್ಕೃತಿಕ ಸ್ವತ್ತಿನ ಕಾನೂನನ್ನು ಮೀರಿ ಹೊರಬಂದ ವಸ್ತುವನ್ನು ಅಲ್ಲಿಗೆ ಆಮದು ಮಾಡಿಕೊಂಡರೆ, ಆ ದೇಶದ ಸರ್ಕಾರ ಕೋರಿದಾಗ ಅದನ್ನು ಜಪ್ತಿ ಮಾಡಿ ಹಿಂದಿರುಗಿಸಬಹುದು. ಒಡೆತನ ಯಾರದೆಂಬ ಪ್ರಶ್ನೆ ಅಲ್ಲಿ ಮುಖ್ಯವಲ್ಲ. ಕೆನಡಾದ ಕಾನೂನಿನಲ್ಲೂ ಇಂಥದೇ ಏರ್ಪಾಡಿದೆ.

ಹಳೆಯ ಕಡತ

ಇಬ್ಬರಿಗೂ ಕೃತಜ್ಞತೆಗಳು. ಫಲಕಗಳ ಪ್ರಕರಣವನ್ನು ಓದಿದ ಮೇಲೆ ಶಾಸನದ ಒಂದು ಪದಪುಂಜ ಎಷ್ಟು ಭಾರ ಹೊರುತ್ತದೆ ಎಂಬುದು ಮನವರಿಕೆಯಾಯಿತು. ಇನ್ನೆರಡು ಸಂದೇಹಗಳಿವೆ. ಇಷ್ಟು ಕಷ್ಟವಿರುವಾಗ, ಎಲ್ಲ ಹಳೆಯ ವಸ್ತುಗಳ ರಫ್ತನ್ನೂ ಒಂದೇ ಸಲ ನಿಷೇಧಿಸುವುದು ಮೇಲೋ, ಆಯ್ದ ಕೆಲವನ್ನು ಮಾತ್ರ ಬಿಗಿಯಾಗಿ ಕಾಯುವುದು ಮೇಲೋ? ಹಾಗೆಯೇ, 1970ಕ್ಕೆ ಮುಂಚೆ ಹೊರಹೋದದ್ದೆಲ್ಲ ಸಕ್ರಮ ಎಂದು ಹಲವರು ಬರೆಯುತ್ತಾರೆ. ಅದು ಸರಿಯೇ?

ನಾಣ್ಯಪ್ರಿಯ

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ನಾನು ಸಂಗ್ರಾಹಕ, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದೆಯೆಂದು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಸಾರಾಸಗಟು ನಿಷೇಧವು ಕಾಯುವ ಶಕ್ತಿಯನ್ನೆಲ್ಲ ತೆಳುವಾಗಿ ಹರಡಿಬಿಡುತ್ತದೆ. ಲಕ್ಷಗಟ್ಟಲೆ ಇರುವ ಸವೆದ ತಾಮ್ರದ ಕಾಸಿಗೂ ಒಂದೇ ಇರುವ ಶಿಲಾಶಾಸನಕ್ಕೂ ಒಂದೇ ನಿಯಮವಾದರೆ ಅಧಿಕಾರಿ ಯಾವುದನ್ನು ಕಾಯಬೇಕು? ಜಪಾನ್ 1950ರ ಕಾನೂನಿನಿಂದ ಬೇರೆ ದಾರಿ ಹಿಡಿದಿದೆ. ರಾಷ್ಟ್ರೀಯ ನಿಧಿಗಳು, ಮಹತ್ವದ ಸಾಂಸ್ಕೃತಿಕ ಸ್ವತ್ತುಗಳು ಎಂದು ಹೆಸರಿಸಿದವುಗಳ ರಫ್ತಿಗೆ ಅಲ್ಲಿ ಬಿಗಿಯಾದ ತಡೆ ಇದೆ. ಬ್ರಿಟನ್ನಿನ ಕ್ರಮ ಇನ್ನೂ ಬೇರೆ. 50 ವರ್ಷ ದಾಟಿದ, ನಿಗದಿತ ಬೆಲೆಗೆ ಮೀರಿದ ವಸ್ತುವಿಗೆ ಪರವಾನಗಿ ಬೇಕು. 1952ರಲ್ಲಿ ವೇವರ್ಲಿ ಸಮಿತಿ ಸೂಚಿಸಿದ ಮೂರು ಒರೆಗಲ್ಲುಗಳಿವೆ: ರಾಷ್ಟ್ರದ ಚರಿತ್ರೆ ಮತ್ತು ಜೀವನದೊಡನೆ ನಿಕಟ ಸಂಬಂಧ, ಅಸಾಧಾರಣ ಕಲಾಮೌಲ್ಯ, ಯಾವುದಾದರೂ ಅಧ್ಯಯನಕ್ಕೆ ಅಸಾಧಾರಣ ಮಹತ್ವ. ಇವುಗಳಲ್ಲಿ ಒಂದಕ್ಕೆ ತಕ್ಕದ್ದಾದರೂ ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿದು, ದೇಶದೊಳಗಿನ ಕೊಳ್ಳುಗರು ಮಾರುಕಟ್ಟೆಯ ಬೆಲೆ ಒದಗಿಸುತ್ತಾರೆಯೇ ಎಂದು ಕಾಯುತ್ತಾರೆ. ಒದಗಿಸದಿದ್ದರೆ ಸಾಮಾನ್ಯವಾಗಿ ವಸ್ತು ಹೊರಡುತ್ತದೆ. ಒಡೆಯನಿಗೆ ನಷ್ಟವಿಲ್ಲ, ಬಚ್ಚಿಡುವ ಪ್ರಲೋಭನೆಯೂ ಇಲ್ಲ. ನೆಲದಲ್ಲಿ ನಿಧಿ ಸಿಕ್ಕವರಿಗೆ 1996ರ ಕಾಯ್ದೆಯ ಪ್ರಕಾರ ಮಾರುಕಟ್ಟೆಯ ಬೆಲೆಗೆ ತಕ್ಕ ಬಹುಮಾನ ಕೊಡುತ್ತಾರೆ, ಆದ್ದರಿಂದ ಜನ ತಾವಾಗಿ ತಂದು ತೋರಿಸುತ್ತಾರೆ. ನಮ್ಮ 1878ರ ಕಾಯ್ದೆಯಲ್ಲಾದರೋ, ಸರ್ಕಾರ ನಿಧಿಯನ್ನು ತಾನೇ ತೆಗೆದುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಅದರ ಐದರಲ್ಲೊಂದು ಭಾಗವನ್ನಷ್ಟೇ ಸೇರಿಸಿ ಕೊಡುತ್ತದೆ. ಚಿನ್ನದ ನಾಣ್ಯದ ಗಡಿಗೆ ಸಿಕ್ಕಿದವನು ಕಲೆಕ್ಟರರ ಬಳಿಗೆ ಹೋಗುತ್ತಾನೋ ಕುಲುಮೆಗೆ ಹೋಗುತ್ತಾನೋ ಎಂಬುದನ್ನು ನೀವೇ ಊಹಿಸಿ.

ಕಾಲದ ಮಿತಿಗಿಂತ ಹೊಸದಾದ ಕೃತಿಗಳಿಗೂ ಭಾರತದಲ್ಲಿ ತಡೆ ಉಂಟು. ರವಿವರ್ಮ, ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ಜಾಮಿನಿ ರಾಯ್ ಮುಂತಾದ ಒಂಬತ್ತು ಮಂದಿಯ ಕೃತಿಗಳನ್ನು ಕಲಾನಿಧಿ ಎಂದು ಸಾರಲಾಗಿದೆ. ದೇಶದೊಳಗಿರುವ ಜಾಮಿನಿ ರಾಯ್ ಅವರ ಚಿತ್ರ ಹೊರಗೆ ಹೋಗುವಂತಿಲ್ಲ, ಮೊದಲೇ ಹೊರಗಿರುವ ಅವರದೇ ಚಿತ್ರ ಲೋಕದಲ್ಲೆಲ್ಲ ಮಾರಾಟವಾಗುತ್ತದೆ. ಇದರಿಂದ ಕಲೆಗೆ ಯಾವ ರಕ್ಷಣೆ ಸಿಕ್ಕಿತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ದಾಖಲೆ ವಿಭಾಗ

ನಾಣ್ಯಪ್ರಿಯರೇ, ಬಹುಮಾನದ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಬ್ರಿಟಿಷ್ ಕ್ರಮವನ್ನು ಮಾದರಿಯೆನ್ನುವಾಗ ಮಾತ್ರ ಸ್ವಲ್ಪ ತಾಳಿ. ಇಂಗ್ಲೆಂಡಿನ ಚಿತ್ರಕಾರ ರೆನಾಲ್ಡ್ಸ್ ಬರೆದ, ಪಾಲಿನೇಷಿಯಾದ ಮಾಯಿ ಎಂಬಾತನ ಭಾವಚಿತ್ರವನ್ನು ಉಳಿಸಿಕೊಳ್ಳಲು 2023ರಲ್ಲಿ 5 ಕೋಟಿ ಪೌಂಡ್ ಬೇಕಾಯಿತು. ಅಷ್ಟು ಹಣ ಒಂದೆಡೆ ಕೂಡದೆ, ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯು ಲಾಸ್ ಏಂಜಲಿಸ್‌ನ ಗೆಟ್ಟಿ ವಸ್ತುಸಂಗ್ರಹಾಲಯದೊಡನೆ ಪಾಲುದಾರಿಕೆಯಲ್ಲಿ ಕೊಳ್ಳಬೇಕಾಯಿತು. ಚಿತ್ರ ಈಗ ಎರಡು ದೇಶಗಳ ನಡುವೆ ಓಡಾಡುತ್ತದೆ. ಶ್ರೀಮಂತ ದೇಶದ ಪಾಡೇ ಹೀಗಾದರೆ, ಮಾರುಕಟ್ಟೆಯ ಬೆಲೆ ಕೊಟ್ಟು ಉಳಿಸಿಕೊಳ್ಳುವ ಕ್ರಮವು ಬೊಕ್ಕಸ ತೆಳುವಾಗಿರುವ, ಆದರೆ ವಸ್ತುಗಳು ಹೇರಳವಾಗಿರುವ ದೇಶಕ್ಕೆ ಹೇಗೆ ಒಗ್ಗುತ್ತದೆ? ಆಯ್ದ ಪಟ್ಟಿಯ ಕ್ರಮಕ್ಕೂ ಮೊದಲು ಪಟ್ಟಿ ಬೇಕು. ಏನಿದೆ ಎಂಬುದೇ ಬರೆದಿಲ್ಲದ ಕಡೆ, ಸಾರಾಸಗಟು ನಿಷೇಧವು ಪಟ್ಟಿಯ ಕೊರತೆಯನ್ನು ಮುಚ್ಚುವ ಹೊದಿಕೆಯಾಗಿ ಉಳಿದುಕೊಂಡಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ತೆಗೆಯುವ ಮೊದಲು ದಾಖಲೆಯಾಗಲಿ.

ಹೊಸ ವಸ್ತುವನ್ನು ಹೊರಗೊಯ್ಯುವವರಿಗೆ ಒಂದು ಸೂಚನೆ. ಹಳೆಯದರಂತೆ ಕಾಣುವ ಹೊಸ ವಿಗ್ರಹವನ್ನು ಸಾಗಿಸುವಾಗ, ಅದು ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳುವುದು ಕ್ಷೇಮ. ವಸ್ತು ಪ್ರಾಚ್ಯವೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ಆ ಇಲಾಖೆಯ ಮಹಾನಿರ್ದೇಶಕರ ಅಥವಾ ಅವರು ಅಧಿಕಾರ ಕೊಟ್ಟವರ ನಿರ್ಣಯವೇ ಅಂತಿಮ.

ವಕಾಲತ್ತು

1970ರ ಪ್ರಶ್ನೆ ಉಳಿದಿದೆ. ಹಲವರು ಬರೆಯುವುದು ತಪ್ಪು, ಆದರೆ ತಪ್ಪು ಹುಟ್ಟಿದ ಬಗೆ ಅರ್ಥವಾಗುವಂಥದು.

ಯುನೆಸ್ಕೊ ಒಡಂಬಡಿಕೆ ಹಿಂದೆ ನಡೆದದ್ದಕ್ಕೆ ಅನ್ವಯವಾಗುವುದಿಲ್ಲ. ಪ್ರತಿಯೊಂದು ದೇಶಕ್ಕೂ ಅದು ಅನ್ವಯಿಸುವುದು ಆ ದೇಶ ಸೇರಿದ ಮೇಲೆ. ಭಾರತ 1977ರಲ್ಲಿ ಸೇರಿತು, ಅಮೆರಿಕ 1983ರಲ್ಲಿ. ದೊಡ್ಡ ಮಾರುಕಟ್ಟೆಗಳಾದ ಬ್ರಿಟನ್ 2002ರವರೆಗೂ ಸ್ವಿಟ್ಜರ್‌ಲೆಂಡ್ 2003ರವರೆಗೂ ಕಾದವು. ಹೀಗಾಗಿ ಕಾನೂನಿನ ದೃಷ್ಟಿಯಿಂದ 1970 ಎಂಬ ಇಸವಿಗೆ ತನ್ನಷ್ಟಕ್ಕೆ ವಿಶೇಷ ಬಲವಿಲ್ಲ. ವಸ್ತುಸಂಗ್ರಹಾಲಯಗಳು ತಮ್ಮ ಖರೀದಿಯ ನೀತಿಗೆ ಅದನ್ನು ಗೆರೆಯಾಗಿ ಇಟ್ಟುಕೊಂಡವು. ವ್ಯಾಪಾರಿಗಳು ಅದನ್ನೇ ಸಕ್ರಮದ ಮುದ್ರೆಯಂತೆ ಬಳಸತೊಡಗಿದರು. ಸುಳ್ಳು ಕಾಗದಗಳಲ್ಲಿ '1969ರಲ್ಲಿ ಕೊಂಡದ್ದು' ಎಂಬ ಬಗೆಯ ಮಾತು ಅಷ್ಟೊಂದು ಕಾಣಸಿಗುವುದು ಈ ಕಾರಣದಿಂದ. ಭಾರತದ 1947ರ ಕಾಯ್ದೆ, ಇಟಲಿಯ 1909ರ ಕಾನೂನು ಇವೆಲ್ಲ 1970ಕ್ಕೆ ಮುಂಚಿನವು. ಅವುಗಳನ್ನು ಮೀರಿ ಹೋದದ್ದು ಅಂದೂ ಅಕ್ರಮವೇ.

ಒಡಂಬಡಿಕೆಯ ಈ ಕೊರತೆಗಳನ್ನು ತುಂಬಲು 1995ರಲ್ಲಿ ಯುನಿದ್ರ್ವಾ (ದೇಶಗಳ ಖಾಸಗಿ ಕಾನೂನುಗಳನ್ನು ಹೊಂದಿಸಲು ಇರುವ ಅಂತರರಾಷ್ಟ್ರೀಯ ಸಂಸ್ಥೆ) ಒಡಂಬಡಿಕೆ ಬಂತು. ಕಳವಿನ ವಸ್ತುವನ್ನು ಹೊಂದಿರುವವರು ಹಿಂದಿರುಗಿಸಲೇಬೇಕು, ಅಕ್ರಮವಾಗಿ ಅಗೆದದ್ದನ್ನೂ ಕಳವೆಂದೇ ಎಣಿಸಬಹುದು, ದಾಖಲೆಪಟ್ಟಿಯಲ್ಲಿ ಇರಲೇಬೇಕೆಂಬ ಷರತ್ತಿಲ್ಲ. ಕೊಂಡವರು ಎಚ್ಚರಿಕೆಯಿಂದ ವಿಚಾರಿಸಿ ಕೊಂಡಿದ್ದರೆ ಮಾತ್ರ ಅವರಿಗೆ ಪರಿಹಾರ. ರಫ್ತು ನಿಷೇಧ ಮೀರಿದ ವಸ್ತುಗಳಿಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ನಿಮ್ಮ ಮೂಲ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಅಂತರರಾಷ್ಟ್ರೀಯ ಕಾನೂನಿನಲ್ಲಿಲ್ಲ. ಆದರೆ ಅಮೆರಿಕ ಮತ್ತು ಬ್ರಿಟನ್ ಅದಕ್ಕೆ ಸೇರಿಲ್ಲ, ಭಾರತವೂ ಸೇರಿಲ್ಲ. ಮೊದಲೆರಡು ದೇಶಗಳ ಹಿಂಜರಿಕೆ ಅರ್ಥವಾಗುತ್ತದೆ. ಭಾರತದ್ದು ನನಗೆ ಅರ್ಥವಾಗುವುದಿಲ್ಲ.

ಈಚಿನ ಒಲವು ಆಮದಿನ ಬಾಗಿಲಲ್ಲಿ ಕಾವಲು ಹಾಕುವ ಕಡೆಗಿದೆ. ಅಮೆರಿಕ ಒಂದೊಂದು ದೇಶದೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, ಗೊತ್ತುಪಡಿಸಿದ ಬಗೆಯ ವಸ್ತುಗಳ ಆಮದನ್ನು ತಡೆಯುತ್ತದೆ. ಭಾರತದೊಡನೆ ಅಂಥ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಜುಲೈನಲ್ಲಿ. ಯುರೋಪಿಯನ್ ಒಕ್ಕೂಟದ 2019ರ ನಿಯಮಾವಳಿಯಂತೆ, ಒಕ್ಕೂಟದ ಹೊರಗಿನಿಂದ ಬರುವ, 250 ವರ್ಷಕ್ಕೂ ಹಳೆಯದಾದ ಪುರಾತತ್ವ ವಸ್ತುಗಳಿಗೆ 2025ರ ಜೂನ್ 28ರಿಂದ ಆಮದು ಪರವಾನಗಿ ಬೇಕು. ಮೂಲ ದೇಶದಿಂದ ಸಕ್ರಮವಾಗಿ ಹೊರಟದ್ದೆಂದು ತೋರಿಸುವ ಹೊಣೆಯನ್ನು ಅದು ತರುವವರ ಮೇಲೆ ಹಾಕುತ್ತದೆ.

1970ಕ್ಕೆ ಮುಂಚಿನ ವಸ್ತುಗಳ ಬಗ್ಗೆ ಓದಬೇಕೆಂದಿದ್ದರೆ, ಇಟಲಿಯ ಫಾನೊ ಊರಿನ ಮೀನುಗಾರರ ಬಲೆಗೆ 1964ರಲ್ಲಿ ಸಿಕ್ಕ ಗ್ರೀಕ್ ಕಂಚಿನ ಯುವಕನ ಪ್ರತಿಮೆಯ ವ್ಯಾಜ್ಯವನ್ನು ಓದಿ. ಗೆಟ್ಟಿ ಅದನ್ನು 1977ರಲ್ಲಿ 39.5 ಲಕ್ಷ ಡಾಲರಿಗೆ ಕೊಂಡಿತು. ಇಟಲಿಯ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮುಟ್ಟುಗೋಲಿನ ಆದೇಶವನ್ನು ಎತ್ತಿಹಿಡಿಯಿತು. ಆ ಆದೇಶದಿಂದ ಗೆಟ್ಟಿಯ ಸ್ವತ್ತಿನ ಹಕ್ಕಿಗೆ ಭಂಗವಾಗಿಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಹೇಳಿತು. ಆದರೆ ಪ್ರತಿಮೆ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಇಟಲಿಯ ಮುಟ್ಟುಗೋಲಿನ ಆದೇಶವನ್ನು ಅಮೆರಿಕದಲ್ಲಿ ಜಾರಿ ಮಾಡಿಸಬೇಕಾದರೆ ಅದು ದಂಡನೆಯೋ ಒಡೆತನದ ಘೋಷಣೆಯೋ ಎಂಬ ಪ್ರಶ್ನೆಯನ್ನು ಅಲ್ಲಿನ ನ್ಯಾಯಾಲಯ ಮತ್ತೆ ಕೇಳುತ್ತದೆ.